ಶನಿಯ ಲೆಕ್ಕಕ್ಕೆ ಬರೆಯುವ ಮುನ್ನ

ಪಾವಗಡ ತಾಲ್ಲೂಕಿನಲ್ಲಿ ಹಳೇ ಲಾರಿ ಇಟ್ಟುಕೊಂಡವನಿಗೆ ಇಬ್ಬರ ಆಸರೆ ಬೇಕು. ಒಬ್ಬ ಮೆಕ್ಯಾನಿಕ್, ಇನ್ನೊಬ್ಬ ಶನಿಮಹಾತ್ಮ. ಲಾರಿ ಒಂದು ಸಲ ಕೆಟ್ಟರೆ ನನ್ನ ಶೆಡ್ಡಿಗೆ ಬರುತ್ತಾರೆ. ಮತ್ತೆ ಮತ್ತೆ ಕೆಟ್ಟರೆ ಪಾವಗಡದ ಗುಡಿಗೆ ಹೋಗುತ್ತಾರೆ. ಎರಡೂ ಕಡೆ ಎಣ್ಣೆಯ ಖರ್ಚು ತಪ್ಪಿದ್ದಲ್ಲ. ವೈ.ಎನ್. ಹೊಸಕೋಟೆಯಲ್ಲಿ ಪಾನಾ ಹಿಡಿದು ಕೂತಿರುವ ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಪ್ರಶ್ನೆ ಇದು: ಈ ಇಬ್ಬರಲ್ಲಿ ಯಾವ ಕೆಲಸ ಯಾರದು? ಯಾಕೆ ಕೆಟ್ಟಿತು ಅಂತ ಒಬ್ಬ ಕೇಳಿದಾಗ ಯಾವಾಗ ಡೀಸೆಲ್ ಪೈಪು ತೋರಿಸಬೇಕು, ಯಾವಾಗ ಆಕಾಶ ತೋರಿಸಬೇಕು?

ನಾನು ಪಂಡಿತನಲ್ಲ. ಸೇನೆಯ ಇ.ಎಂ.ಇ. ದಳದಲ್ಲಿ ವೆಹಿಕಲ್ ಮೆಕ್ಯಾನಿಕ್ ಆಗಿದ್ದು, ಪೆನ್ಷನ್ ಮೇಲೆ ಊರಿಗೆ ಬಂದವನು. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಹುಟ್ಟಿದ ದಳ ಅದು. ಬಂದೂಕಿನಿಂದ ಟ್ಯಾಂಕಿನವರೆಗೆ ಕೆಟ್ಟಿದ್ದನ್ನೆಲ್ಲ ಎಬ್ಬಿಸಿ ನಿಲ್ಲಿಸುವುದೇ ಅದರ ಕಸುಬು. ನನಗೆ ವಿದ್ಯೆ ಕಲಿಸಿದ ಗಾಡಿ ಶಕ್ತಿಮಾನ್. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿ ತಂದು 1959ರಲ್ಲಿ ಜಬಲ್ಪುರದಲ್ಲಿ ಕಟ್ಟಲು ಶುರುಮಾಡಿದ ಲಾರಿ. ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು 1897ರಲ್ಲಿ ಓಡಿಸಿ ತೋರಿಸಿದ್ದು ಇದೇ ಮ್ಯಾನ್‌ನ ಹಿಂದಿನ ತಲೆಮಾರಿನ ಆಗ್ಸ್‌ಬರ್ಗ್ ಕಾರ್ಖಾನೆಯಲ್ಲಿ. ಶಕ್ತಿಮಾನ್ ಅಂದರೆ ನಾಲ್ಕೂ ಚಕ್ರಕ್ಕೆ ಎಳೆತ, ಗಿಡ್ಡ ಮೂತಿ, ಎತ್ತರದ ನಿಲುವು. 1965ರಲ್ಲೂ 1971ರಲ್ಲೂ ಪಡೆಗಳ ಹಿಂದೆ ಅಕ್ಕಿ, ಮದ್ದುಗುಂಡು ಹೊತ್ತು ಓಡಾಡಿದ್ದು ಇದೇ. ಆಮೇಲೆ ಸ್ಟಾಲಿಯನ್ ಬಂತು, ಟಾಟಾ ಬಂತು, ಶಕ್ತಿಮಾನ್‌ಗಳು ಸಾಲುಸಾಲಾಗಿ ಹರಾಜಿಗೆ ಬಂದವು. ಕೆಲವು ಗುಜರಿಗೆ ಹೋದವು, ಕೆಲವು ಮಲೆನಾಡಿಗೆ ಹೋಗಿ ಮರ ಎಳೆದವು. ನಮ್ಮಂಥ ಒಣ ಸೀಮೆಗೆ ಬಂದವು ಬೆನ್ನ ಮೇಲೆ ನೀರಿನ ಟ್ಯಾಂಕು ಹೊತ್ತವು. ಸೈನ್ಯದ ನಂಬರ್ ಪ್ಲೇಟಿನ ಮೇಲೆ ಮೇಲ್ಮುಖದ ಬಾಣದ ಗುರುತು, ಅದರ ಪಕ್ಕ ವರ್ಷದ ಎರಡು ಅಂಕಿ. ಬಣ್ಣ ಕೆರೆದು ನೋಡಿದರೆ ಎಷ್ಟೋ ಗಾಡಿಗಳಲ್ಲಿ ಆ ಬಾಣ ಇನ್ನೂ ಮಸುಕಾಗಿ ಸಿಗುತ್ತದೆ.

ಸೈನ್ಯದಲ್ಲಿ ಗಾಡಿಗೂ ದೇವರಿಗೂ ಟೈಂಟೇಬಲ್ ಇತ್ತು. ಬೆಳಗ್ಗೆ ಫಸ್ಟ್ ಪರೇಡ್: ರೇಡಿಯೇಟರ್ ನೀರು, ಆಯಿಲ್, ಬ್ಯಾಟರಿ, ಬೆಲ್ಟು, ಟೈರಿನ ಗಾಳಿ. ದಾರಿಯಲ್ಲಿ ನಿಲ್ಲಿಸಿದಾಗ ಹಾಲ್ಟ್ ಪರೇಡ್: ಹಬ್ ಮುಟ್ಟಿ ನೋಡು, ಸುಡುತ್ತಿದೆಯಾ, ಬಗ್ಗಿ ನೋಡು, ಸೋರುತ್ತಿದೆಯಾ. ಸಂಜೆ ಲಾಸ್ಟ್ ಪರೇಡ್. ಹಾಗೆಯೇ ವಾರಕ್ಕೊಮ್ಮೆ ಮಂದಿರ್ ಪರೇಡ್. ಎಷ್ಟೋ ಯೂನಿಟ್ಟುಗಳಲ್ಲಿ ಸರ್ವಧರ್ಮ ಸ್ಥಳ ಅಂತ ಒಂದೇ ಸೂರಿನಡಿ ಎಲ್ಲರ ದೇವರೂ ಇರುತ್ತಾರೆ. ಮಂದಿರ್ ಪರೇಡಿಗೆ ಬರದವನಿಗೆ ಬೈಗುಳ ಬೀಳುತ್ತಿತ್ತು. ಆದರೆ ಮಂದಿರಕ್ಕೆ ಹೋಗಿದ್ದೆ ಸಾಬ್, ಅದಕ್ಕೇ ಆಯಿಲ್ ನೋಡಲಿಲ್ಲ ಅಂದವನಿಗೆ ಬೈಗುಳದಲ್ಲಿ ಮುಗಿಯುತ್ತಿರಲಿಲ್ಲ. ಸಿಕ್ಕಿಂನ ನಾಥು ಲಾ ಕಡೆಯ ದಾರಿಯಲ್ಲಿ ಬಾಬಾ ಹರಭಜನ್ ಸಿಂಗರ ಮಂದಿರವಿದೆ. 1968ರಲ್ಲಿ ಅಲ್ಲಿ ತೀರಿಕೊಂಡ ಸಿಪಾಯಿ ಅವರು. ಈಗಲೂ ಗಡಿ ಕಾಯುತ್ತಿದ್ದಾರೆ ಎಂದು ನಂಬಿಕೆ. ಡ್ರೈವರುಗಳು ಅಲ್ಲಿ ನಿಲ್ಲಿಸಿ ಕೈಮುಗಿಯುತ್ತಿದ್ದರು. ಹೇಗೂ ಇಳಿದದ್ದಾಯಿತು ಅಂತ ಬ್ರೇಕನ್ನೂ ನೋಡಿಕೊಳ್ಳುತ್ತಿದ್ದರು. ಎರಡು ಕೆಲಸ, ಎರಡು ಸಮಯ. ಒಂದು ಇನ್ನೊಂದರ ಬದಲಿಗೆ ಅಂತ ಯಾರಿಗೂ ಅನಿಸುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಈ ಎರಡು ಟೈಂಟೇಬಲ್‌ಗಳು ಕಲಸಿಹೋಗಿರುವುದನ್ನು ಕಂಡೆ. ನಮ್ಮದು ಮೂರು ಕಡೆ ಆಂಧ್ರ ಸುತ್ತುವರಿದ ತಾಲ್ಲೂಕು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಜಗಳದಲ್ಲಿ ಎರಡೂ. ಮಳೆ ನಂಬಿಕೊಂಡು ಕಡಲೆಕಾಯಿ ಬಿತ್ತುವ ಜನ. ಒಂದು ಹದ ತಪ್ಪಿದರೆ ವರ್ಷವೇ ಹೋಯಿತು. ಇಂಥ ಕಡೆ ಗ್ರಹಗಳ ಮೇಲೆ ಭಯಭಕ್ತಿ ಇರುವುದು ಸಹಜ. ಪಾವಗಡದ ಶನಿಮಹಾತ್ಮನ ಗುಡಿಗೆ ಶನಿವಾರ, ಅದರಲ್ಲೂ ಶ್ರಾವಣದ ಶನಿವಾರ, ಹಿಂದೂಪುರ, ಕಲ್ಯಾಣದುರ್ಗದ ಕಡೆಯಿಂದಲೂ ಜನ ಬರುತ್ತಾರೆ. ಶನಿ ಗ್ರಹ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 29 ವರ್ಷ ಆರು ತಿಂಗಳು ತೆಗೆದುಕೊಳ್ಳುತ್ತದೆ. ಅಂದರೆ ಒಂದು ರಾಶಿಗೆ ಎರಡೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು ಸೇರಿ ಏಳೂವರೆ. ನಮ್ಮ ಗಡಿಯ ಬಾಯಲ್ಲಿ ಏಲಿನಾಟಿ ಶನಿ. ಏಳೂವರೆ ವರ್ಷದಲ್ಲಿ ಯಾವ ಹಳೇ ಲಾರಿ ತಾನೇ ಕೆಡದೆ ಇರುತ್ತದೆ?

ನಾನು ಹೇಳಬೇಕೆಂದಿರುವುದು ಒಂದು ಲಾರಿಯ ಕತೆ. ಅದರ ಯಜಮಾನರನ್ನು ಊರೆಲ್ಲ ಟ್ಯಾಂಕರಣ್ಣ ಅನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ. ಮಿಲಿಟರಿ ಹರಾಜಿನಲ್ಲಿ ಬಂದ ಶಕ್ತಿಮಾನ್ ಒಂದನ್ನು ಕೈಬದಲು ಕೊಂಡು, ಹಿಂದಿನ ಡಾಲಾ ತೆಗೆಸಿ ನೀರಿನ ಟ್ಯಾಂಕು ಕೂರಿಸಿದ್ದರು. ಲಾರಿ ಅವರ ಕೈಗೆ ಬಂದ ಹೊಸತರಿಂದಲೇ ಕಾಟ ಕೊಡತೊಡಗಿತು. ಚೆನ್ನಾಗಿ ಹೋಗುತ್ತಾ ಹೋಗುತ್ತಾ ಎಳೆತ ಕಡಿಮೆಯಾಗುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ, ನಿಂತುಬಿಡುತ್ತದೆ. ಎಲ್ಲ ದಿನವೂ ಅಲ್ಲ. ಹೆಚ್ಚಾಗಿ ಶನಿವಾರ. ಅದೂ ಶನಿದೇವರ ದರ್ಶನ ಮುಗಿಸಿ ಪಾವಗಡದಿಂದ ಹೊಸಕೋಟೆಗೆ ವಾಪಸ್ ಬರುವಾಗ! ನಿಂತಾಗ ಅವರು ಮುಂದಿನ ಬಂಪರಿಗೆ ಊದಿನಕಡ್ಡಿ ಸಿಕ್ಕಿಸಿ, ಕರ್ಪೂರ ಹಚ್ಚಿ, ಕಾಯಿ ಒಡೆದು, ಮನಸ್ಸು ಸಮಾಧಾನ ಆಗುವವರೆಗೆ ಹೊಂಗೆ ಮರದ ನೆರಳಲ್ಲಿ ಕೂರುತ್ತಿದ್ದರು. ಅಷ್ಟರಲ್ಲಿ ಕ್ಲೀನರ್ ಹುಡುಗ ಫೀಡ್ ಪಂಪಿನ ಮೇಲಿನ ಗುಬಟು ಒತ್ತಿ ಒತ್ತಿ ಏರ್ ತೆಗೆಯುತ್ತಿದ್ದ. ಆಮೇಲೆ ಸೆಲ್ಫ್ ಹೊಡೆದರೆ ಲಾರಿ ಏಳುತ್ತಿತ್ತು. ಪ್ರತಿ ಸಲವೂ ಏಳುತ್ತಿತ್ತು. ಪೂಜೆ ಮಾಡಿಯೂ ಏಳದ ದಿನ ಒಂದೂ ಇಲ್ಲ ಎಂದು ಅವರು ಎದೆ ಮುಟ್ಟಿ ಹೇಳುತ್ತಿದ್ದರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು.

ನನ್ನ ಹತ್ತಿರ ಬರುವ ಹೊತ್ತಿಗೆ ಬೇರೆ ಬೇರೆ ಕಡೆ ಡೀಸೆಲ್ ಫಿಲ್ಟರ್ ಬದಲಾಗಿತ್ತು, ಫೀಡ್ ಪಂಪ್ ಬದಲಾಗಿತ್ತು, ತಾಮ್ರದ ಪೈಪು, ವಾಷರು ಎಲ್ಲ ಹೊಸದಾಗಿತ್ತು. ಡೀಸೆಲ್ ಎಂಜಿನ್ ಏನಾಗಿದೆ ಎಂದು ಹೊಗೆಯಲ್ಲಿ ಹೇಳುತ್ತದೆ. ಕಪ್ಪು ಹೊಗೆಯಾದರೆ ಗಾಳಿ ಸಾಲದು ಇಲ್ಲವೇ ಡೀಸೆಲ್ ಹೆಚ್ಚು: ಏರ್ ಫಿಲ್ಟರ್ ನೋಡು, ನಾಜಲ್ ನೋಡು. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ರಿಂಗು ಸವೆದಿದೆ. ಬಿಳಿ ಹೊಗೆ ಕಣ್ಣು ಉರಿಸಿದರೆ ಡೀಸೆಲ್ ಒಳಗೆ ಬಂದಿದೆ, ಉರಿದಿಲ್ಲ. ಕಣ್ಣು ಉರಿಸದೆ ಆವಿಯಾಗಿ ಕರಗಿದರೆ ನೀರು, ಹೆಡ್ ಗ್ಯಾಸ್ಕೆಟ್ ಅನುಮಾನಿಸು. ಇನ್ನೊಂದು ಗುರುತು ಇದೆ, ಹೊಸಬರ ಕಣ್ಣಿಗೆ ಬೀಳುವುದಿಲ್ಲ. ನಿಂತ ಗಾಡಿಗೆ ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಲ್ಲಿ ಹೊಗೆಯೇ ಇಲ್ಲದಿದ್ದರೆ ಎಂಜಿನ್ನಿಗೆ ಡೀಸೆಲ್ ಬರುತ್ತಲೇ ಇಲ್ಲ. ಇಲ್ಲದ ಹೊಗೆ ಇರುವ ಹೊಗೆಯಷ್ಟೇ ಮಾತಾಡುತ್ತದೆ. ನಿಂತಾಗ ಹೊಗೆ ಬರುತ್ತಿತ್ತಾ ಎಂದು ಕ್ಲೀನರ್ ಹುಡುಗನನ್ನು ಕೇಳಿದೆ. “ಒಂಚೂರೂ ಇಲ್ಲ ಸಾರ್” ಅಂದ. ಹಾಗಾದರೆ ಹಾದಿ ಎಂಜಿನ್ನಿನಿಂದ ಹಿಂದಕ್ಕೆ, ಡೀಸೆಲ್ ಟ್ಯಾಂಕಿನ ಕಡೆಗೆ.

ಶೆಡ್ಡಿನಲ್ಲಿ ಎಷ್ಟು ಹೊತ್ತು ಸ್ಟಾರ್ಟಿನಲ್ಲಿಟ್ಟರೂ ಲಾರಿ ನಿಲ್ಲಲಿಲ್ಲ. ಟ್ಯಾಂಕರಣ್ಣ ನಕ್ಕರು: “ನಿನ್ ಮುಂದೆ ನಿಲ್ಲಲ್ಲಪ್ಪ. ಅವನಿಗೆ ನನ್ ಮೇಲೇ ಕಣ್ಣು.” ನಾನು ಮೆಕ್ಯಾನಿಕ್ಕುಗಳ ಮೊದಲ ಪ್ರಶ್ನೆ ಕೇಳಿದೆ: “ಅಣ್ಣ, ಕೆಡೋಕೆ ಮುಂಚೆ ಗಾಡಿಗೆ ಏನ್ ಮಾಡ್ಸಿದ್ರಿ?” “ಏನೂ ಇಲ್ಲ. ಟ್ಯಾಂಕು ಕೂರಿಸ್ದೆ, ಪೇಂಟ್ ಹೊಡೆಸ್ದೆ, ಪೂಜೆ ಮಾಡಿಸ್ದೆ, ಅಷ್ಟೇ.” ಶನಿವಾರ ಏನು ವಿಶೇಷ ಎಂದು ಕೇಳಿದೆ. ಶನಿವಾರ ಗುಡಿಗೆ ಹೋಗುವುದು, ಬರುವಾಗ ಪಾವಗಡದ ಬಂಕಿನಲ್ಲಿ ಫುಲ್ ಟ್ಯಾಂಕ್ ಹಾಕಿಸುವುದು. ಬೇರೆ ದಿನ ಅಷ್ಟಿಷ್ಟು ಹಾಕಿಸಿಕೊಂಡು ಊರ ಸುತ್ತ ಓಡಿಸುವುದು.

ಮುಂದಿನ ಶನಿವಾರ ನಾನೂ ಹೋದೆ. ದರ್ಶನ ಆಯಿತು, ಎಳ್ಳೆಣ್ಣೆ ದೀಪ ಆಯಿತು, ಬಂಕಿನಲ್ಲಿ ಡೀಸೆಲ್ ಬಾಯಿಮಟ್ಟ ಆಯಿತು. ಅರ್ಧ ದಾರಿಗೆ ಲಾರಿ ಗೊರಗೊರ ಎಂದು ನಿಂತಿತು. ಟ್ಯಾಂಕರಣ್ಣ ಕರ್ಪೂರದ ಪೊಟ್ಟಣ ತೆಗೆದರು. “ಒಂದು ನಿಮಿಷ ಅಣ್ಣ” ಎಂದು ಕೆಳಗಿಳಿದು ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಉಸ್ ಎಂದು ಗಾಳಿ ಒಳಕ್ಕೆ ನುಗ್ಗಿತು. ಹುಡುಗ ಗುಬಟು ಒತ್ತಿದ, ಬ್ಲೀಡ್ ಸ್ಕ್ರೂನಲ್ಲಿ ಗುಳ್ಳೆ ಹೋಗಿ ನೆಟ್ಟಗೆ ಡೀಸೆಲ್ ಬಂತು, ಸೆಲ್ಫ್ ಹೊಡೆದೆವು, ಎದ್ದಿತು. ಪೂಜೆ ಇನ್ನೂ ಆಗಿರಲಿಲ್ಲ. ಮುಚ್ಚಳ ಮತ್ತೆ ಬಿಗಿ ಮಾಡಿ ಹೊರಟೆವು. ಸ್ವಲ್ಪ ದೂರಕ್ಕೆ ಮತ್ತೆ ನಿಂತಿತು. “ಈಗ ಪೂಜೆ ಮಾಡಿ ಅಣ್ಣ, ಆದರೆ ಬೇಗ. ಕೂರಬೇಡಿ” ಅಂದೆ. ಕಾಯಿ ಒಡೆದರು, ಆರತಿ ಎತ್ತಿದರು. ಹುಡುಗ ಒತ್ತೇ ಒತ್ತಿದ, ಡೀಸೆಲ್ ಬರಲಿಲ್ಲ. ಸೆಲ್ಫ್ ಹೊಡೆದರೂ ಏಳಲಿಲ್ಲ. ಮುಚ್ಚಳ ತೆಗೆದೆ, ಉಸ್ ಅಂತು, ಎದ್ದಿತು.

ಮುಚ್ಚಳವನ್ನು ಅಂಗೈ ಮೇಲಿಟ್ಟು ತೋರಿಸಿದೆ. ಮೇಲೆ ಹೊಸ ನೀಲಿ ಬಣ್ಣ, ಅದರಡಿ ಸೈನ್ಯದ ಹಸಿರು. ನಡುವೆ ಸೂಜಿಮೊನೆಯಷ್ಟು ತೂತಿನ ಜಾಗದಲ್ಲಿ ನೀಲಿ ಬಣ್ಣ ಗಟ್ಟಿಯಾಗಿ ಕೂತಿತ್ತು. ಟ್ಯಾಂಕಿನಿಂದ ಡೀಸೆಲ್ ಹೋದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಬರುವ ದಾರಿ ಅದೊಂದೇ. ದಾರಿ ಮುಚ್ಚಿದರೆ ಒಳಗೆ ನಿರ್ವಾತ ಬೆಳೆಯುತ್ತದೆ, ಫೀಡ್ ಪಂಪು ಎಷ್ಟು ಜಗ್ಗಿದರೂ ಡೀಸೆಲ್ ಬಾರದು. ಟ್ಯಾಂಕು ಅರ್ಧ ಖಾಲಿಯಿದ್ದರೆ ಒಳಗಿರುವ ಗಾಳಿ ಹಿಗ್ಗಿ ಬಹಳ ದೂರ ಸಂಭಾಳಿಸುತ್ತದೆ. ಟ್ಯಾಂಕು ತುಂಬಿದ್ದರೆ ಹಿಗ್ಗಲು ಗಾಳಿಯೇ ಇಲ್ಲ, ಬೇಗ ನಿಲ್ಲುತ್ತದೆ. ಅದಕ್ಕೇ ಶನಿವಾರ. ನಿಂತ ಮೇಲೆ ಮುಚ್ಚಳದ ಸಂದಿಯಿಂದ ಗಾಳಿ ಎಳ್ಳಷ್ಟು ಎಳ್ಳಷ್ಟಾಗಿ ನುಸುಳಿ ಒಳಗಿನ ಬಿಗುವು ಸಡಿಲವಾಗಲು ಒಂದಿಷ್ಟು ಹೊತ್ತು ಬೇಕು. ಕರ್ಪೂರ ಹಚ್ಚಿ, ಕಾಯಿ ಒಡೆದು, ಮರದ ಕೆಳಗೆ ಕೂತು ಎದ್ದರೆ ಆ ಹೊತ್ತು ಆಗಿರುತ್ತದೆ. ಅದಕ್ಕೇ ಪೂಜೆಯ ನಂತರ ಏಳುತ್ತಿತ್ತು. ಕ್ಲೀನರ್ ಹುಡುಗ ಅಂಗಿಯ ಗುಂಡಿ ಹೋಗಿ ಸೇಫ್ಟಿ ಪಿನ್ ಹಾಕಿಕೊಂಡಿದ್ದ. ಆ ಪಿನ್ನು ತೆಗೆದುಕೊಂಡು ತೂತಿನ ಬಣ್ಣ ಚುಚ್ಚಿ ತೆಗೆದೆ. ರಿಪೇರಿ ಮುಗಿಯಿತು.

ಇದನ್ನು ನಮ್ಮ ಊರಿನ ಸಂಸ್ಕೃತ ಮೇಷ್ಟ್ರಿಗೆ ಹೇಳಿದೆ. ನೇಕಾರರ ಬೀದಿಯಲ್ಲಿ ಅವರ ಮನೆ. ರೇಷ್ಮೆ ಸೀರೆಯ ಮಗ್ಗಗಳ ಸದ್ದಿನ ನಡುವೆಯೇ ಓದಿ, ಓದಿಸಿ ನಿವೃತ್ತರಾದವರು. ಅವರು ಕತೆ ಕೇಳಿ ತೊಡೆ ತಟ್ಟಿ ನಕ್ಕರು. “ಅಯ್ಯಾ, ಇದು ತರ್ಕಸಂಗ್ರಹದ ಪಾಠವಲ್ಲವೇ! ಅನ್ನಂಭಟ್ಟ ಹದಿನೇಳನೇ ಶತಮಾನದಲ್ಲಿ ಬರೆದದ್ದನ್ನು ನೀನು ಡೀಸೆಲ್ ಟ್ಯಾಂಕಿನಲ್ಲಿ ಹುಡುಕಿದ್ದೀಯ.” ಆಮೇಲೆ ಬಿಡಿಸಿ ಹೇಳಿದರು. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ಊಹಿಸಬಹುದು. ಯಾಕೆಂದರೆ ಅಡುಗೆಮನೆ ಮೊದಲಾದ ಕಡೆ ಎಲ್ಲೆಲ್ಲಿ ಹೊಗೆಯೋ ಅಲ್ಲೆಲ್ಲ ಬೆಂಕಿ ನೋಡಿದ್ದೇವೆ. ಇದು ನ್ಯಾಯಶಾಸ್ತ್ರದವರ ಹಳೇ ಉದಾಹರಣೆ. ಆದರೆ ತಿರುಗಿಸಿ, ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎನ್ನಬಹುದೇ? ಆಗದು. ಕಾಯಿಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರುವುದು ಬೆಂಕಿಗೆ ಹಸಿ ಸೌದೆ ಸೇರಿದಾಗ. ಆ ಹಸಿ ಸೌದೆಗೆ ತಾರ್ಕಿಕರು ಇಟ್ಟ ಹೆಸರು ಉಪಾಧಿ. ನಾವು ಎರಡು ವಸ್ತು ಜೊತೆಗಿರುವುದನ್ನು ಮಾತ್ರ ನೋಡಿ ಒಂದರಿಂದ ಇನ್ನೊಂದು ಎಂದುಕೊಳ್ಳುತ್ತೇವೆ. ನಿಜವಾದ ಕೆಲಸ ಮಾಡಿದ ಮೂರನೆಯದು ನಡುವೆ ಅಡಗಿ ಕೂತಿರುತ್ತದೆ.

“ನಿಮ್ಮ ಟ್ಯಾಂಕರಣ್ಣ ಕಂಡದ್ದು ತಪ್ಪಿರಲಿಲ್ಲ, ನೋಡು,” ಅಂದರು ಮೇಷ್ಟ್ರು. “ಪೂಜೆ ಆದಾಗಲೆಲ್ಲ ಲಾರಿ ಎದ್ದದ್ದು ನಿಜ. ಆದರೆ ಅಲ್ಲಿ ಹಸಿ ಸೌದೆ ಯಾವುದು? ಕೂತ ಹೊತ್ತು. ಶನಿವಾರ ನಿಂತದ್ದೂ ನಿಜ. ಅಲ್ಲಿ ಉಪಾಧಿ ಯಾವುದು? ತುಂಬಿದ ಟ್ಯಾಂಕು. ಇದ್ದಾಗ ಆಗುತ್ತದೆಯೇ ನೋಡು, ಇಲ್ಲದಾಗ ಆಗುವುದಿಲ್ಲವೇ ಅದನ್ನೂ ನೋಡು: ಅನ್ವಯ, ವ್ಯತಿರೇಕ. ನೀನು ದಾರಿಯಲ್ಲಿ ಮಾಡಿದ್ದು ಅದೇ.” ಹೊರಗಿನ ಮಗ್ಗ ತೋರಿಸಿ ಇನ್ನೂ ಒಂದು ಮಾತು ಹೇಳಿದರು. ಬಟ್ಟೆಗೆ ಕಾರಣ ಏನು ಎಂದರೆ ಅದೇ ಪುಸ್ತಕ ಮೂರು ಬಗೆ ಹೇಳುತ್ತದಂತೆ: ನೂಲು ಒಂದು, ನೂಲುಗಳ ಹೆಣಿಗೆ ಒಂದು, ಲಾಳಿ ಮಗ್ಗ ಮೊದಲಾದವು ಇನ್ನೊಂದು. ಸೀರೆಯಲ್ಲಿ ಎಳೆ ಬಿಟ್ಟರೆ ನೇಕಾರ ಲಾಳಿ ನೋಡುತ್ತಾನೆ, ನೂಲು ನೋಡುತ್ತಾನೆ. ಕಾರಣ ಒಂದೇ ಎಂದುಕೊಂಡವನು ಮಗ್ಗ ನೇಯಲಾರ.

ಟ್ಯಾಂಕರಣ್ಣ ಮಾತ್ರ ನಗಲಿಲ್ಲ. ಆ ದಿನ ಶೆಡ್ಡಿಗೆ ಬಂದು ಮುಚ್ಚಳ ಕೈಯಲ್ಲಿ ತಿರುಗಿಸುತ್ತಾ ಕೂತರು. “ಹಂಗಾದ್ರೆ ಇಷ್ಟು ದಿನ ನಾನು ಕೈಮುಗಿದದ್ದು ಈ ತೂತಿಗಾ?” ಎಂದು ಕೇಳಿದರು. ಇದಕ್ಕೆ ಥಟ್ಟನೆ ಉತ್ತರ ಹೇಳುವುದು ಸುಲಭ. ಹೌದು ಎಂದು ನಗುವವರು ಒಂದು ಕಡೆ ಇದ್ದಾರೆ. ಆ ತೂತಿನಲ್ಲೂ ಅವನೇ ಇದ್ದ, ನಿಮ್ಮನ್ನು ನಿಲ್ಲಿಸಿ ಮುಂದಿನ ಯಾವುದೋ ಅಪಘಾತ ತಪ್ಪಿಸಿದ ಎಂದು ಸಮಾಧಾನ ಹೇಳುವವರು ಇನ್ನೊಂದು ಕಡೆ. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಎರಡನೆಯ ಮಾತಂತೂ ಗಾಡಿ ನಿಂತರೂ ದೇವರ ದಯೆ, ಓಡಿದರೂ ದೇವರ ದಯೆ ಎನ್ನುವ ಮಾತು. ಏನೇ ಆದರೂ ನಿಜವಾಗಿಬಿಡುವ ಮಾತಿನಿಂದ ಒಂದು ನಟ್ಟೂ ಸಡಿಲವಾಗದು.

ನನಗೆ ಅನಿಸಿದ್ದು ಇಷ್ಟು. ಗೊತ್ತಿಲ್ಲದ ಜಾಗದಲ್ಲಿ ದೇವರನ್ನು ಕೂರಿಸಿದರೆ, ಗೊತ್ತಾದ ದಿನ ಅವನಿಗೆ ಜಾಗ ಇಲ್ಲ. ಮುಚ್ಚಳದ ತೂತಿನಲ್ಲಿ ಶನಿಮಹಾತ್ಮನನ್ನು ಇಟ್ಟಿದ್ದು ಟ್ಯಾಂಕರಣ್ಣ. ಒಂದು ಸೇಫ್ಟಿ ಪಿನ್ನಿಗೆ ಹೊರಟುಹೋಗುವ ದೇವರಾದರೆ ಅವನಿಗೆ ನಲವತ್ತೆಂಟು ದಿನ ಪ್ರದಕ್ಷಿಣೆ ಯಾಕೆ? ಮೇಷ್ಟ್ರು ಹೇಳಿದ ಇನ್ನೊಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಹೊಗೆ, ಬೆಂಕಿ, ಹಸಿ ಸೌದೆ ಎಂದು ಕೂದಲು ಸೀಳಿದ ಈ ನೈಯಾಯಿಕರು ನಾಸ್ತಿಕರಲ್ಲ. ಅವರಲ್ಲೇ ಉದಯನಾಚಾರ್ಯ, ಸಾವಿರ ವರ್ಷದ ಹಿಂದೆ, ದೇವರಿದ್ದಾನೆಂದು ಸಾಧಿಸಲು ನ್ಯಾಯಕುಸುಮಾಂಜಲಿ ಎಂಬ ಪುಸ್ತಕವನ್ನೇ ಬರೆದ. ಕಾರಣ ಹುಡುಕುವ ಚಟ ಅವರ ಭಕ್ತಿಗೆ ಅಡ್ಡ ಬರಲಿಲ್ಲ. ದೇವರಿದ್ದಾನೆ ಎಂದವರೇ ಹಸಿ ಸೌದೆಯ ಲೆಕ್ಕವನ್ನೂ ಬಿಡದೆ ಕೇಳಿದರು.

“ಅಣ್ಣ, ಗಾಡಿ ಯಾಕೆ ನಿಂತಿತು ಅನ್ನೋದು ಒಂದು ಪ್ರಶ್ನೆ,” ಅಂದೆ. “ನನಗೇ ಯಾಕೆ ಹಿಂಗಾಗುತ್ತೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಶೆಡ್ಡಿಗೆ ಬನ್ನಿ. ಎರಡನೆಯದು ನನ್ನ ಹತ್ತಿರ ಇಲ್ಲ.” ಟ್ಯಾಂಕರಣ್ಣನ ಮನೆಯಲ್ಲಿ ಎರಡನೆಯ ಪ್ರಶ್ನೆಗೆ ಕಾರಣಗಳಿದ್ದವು, ಅವು ಇಲ್ಲಿ ಬೇಡ. ಲಾರಿ ನಿಂತಾಗಲೆಲ್ಲ ಅವರಿಗೆ ಅವೆಲ್ಲ ಒಟ್ಟಿಗೆ ನೆನಪಾಗುತ್ತಿದ್ದವು. ಅವರು ಶನಿಯ ಮುಂದೆ ಹೇಳಿಕೊಳ್ಳುತ್ತಿದ್ದದ್ದು ಡೀಸೆಲ್ಲಿನ ಸಮಾಚಾರವಲ್ಲ. ದುಃಖ ಇದ್ದವನಿಗೆ ಹೋಗಿ ನಿಲ್ಲಲು ಒಂದು ಜಾಗ ಬೇಕು, ತನ್ನಂತೆಯೇ ನಿಂತ ನೂರು ಜನ ಅಲ್ಲಿ ಇರಬೇಕು. ಆ ಸಾಲಿನಲ್ಲಿ ಬಡವ ಬಲ್ಲಿದ ಎಲ್ಲರೂ ಎಳ್ಳೆಣ್ಣೆ ಹಿಡಿದು ನಿಲ್ಲುತ್ತಾರೆ. ಇದನ್ನು ಯಾವ ಪಿನ್ನೂ ಚುಚ್ಚಿ ತೆಗೆಯಲಾರದು. “ಹಂಗಾದ್ರೆ ಶನಿವಾರ ಹೋಗಲಾ, ಬಿಡಲಾ?” ಎಂದು ಕೇಳಿದರು. “ಹೋಗಿ ಅಣ್ಣ. ಹೋಗೋ ಮುಂಚೆ ಫಸ್ಟ್ ಪರೇಡ್ ಮಾಡಿ. ಮುಚ್ಚಳದ ಲೆಕ್ಕ ಮಾತ್ರ ಅವನ ಹೆಸರಿಗೆ ಬರೀಬೇಡಿ.”

ಲಾರಿಯ ಮಟ್ಟಿಗೆ ಇದು ನಗುವ ಕತೆ. ಮನುಷ್ಯರ ಮಟ್ಟಿಗೆ ಬಂದಾಗ ನಗು ಬರುವುದಿಲ್ಲ. ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ಹಲ್ಲು ಕಂದಾದ ಮಕ್ಕಳನ್ನು, ಬೆನ್ನು ಬಗ್ಗಿಸಲಾಗದ ಗಂಡಸರನ್ನು, ಮಂಡಿ ಸೊಟ್ಟಗಾದ ಹೆಂಗಸರನ್ನು ನೋಡುತ್ತಾ ಬೆಳೆದವನು ನಾನು. ಪ್ರಾರಬ್ಧ, ಹಿಂದಿನ ಜನ್ಮದ ಪಾಪ, ಹಣೆಬರಹ ಎನ್ನುತ್ತಿದ್ದರು ಹಿರಿಯರು. ಕಾರಣ ನೀರಿನಲ್ಲಿತ್ತು. ಮಳೆ ಕೈಕೊಟ್ಟು, ತೆರೆದ ಬಾವಿ ಬತ್ತಿ, ಬೋರು ಆಳಕ್ಕೆ ಆಳಕ್ಕೆ ಇಳಿದಂತೆ ಕಲ್ಲಿನ ಪದರದಲ್ಲಿ ಬಹುಕಾಲ ನಿಂತ ನೀರು ಮೇಲೆ ಬಂತು. ಅದರ ಜೊತೆ ಫ್ಲೋರೈಡೂ ಬಂತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಇವತ್ತಿನ ಮಿತಿ. ವರ್ಷಗಟ್ಟಲೆ ಹೆಚ್ಚು ಕುಡಿದರೆ ಮೊದಲು ಹಲ್ಲಿಗೆ, ಆಮೇಲೆ ಮೂಳೆಗೆ. ನಮ್ಮ ನಾಗಲಮಡಿಕೆಯ ಸುಬ್ರಹ್ಮಣ್ಯನ ಗುಡಿಯ ಮುಂದೆ ಹರಿಯುವ ಉತ್ತರ ಪಿನಾಕಿನಿ ಆಂಧ್ರ ದಾಟಿ ನೆಲ್ಲೂರಿನ ಹತ್ತಿರ ಸಮುದ್ರ ಸೇರುತ್ತದೆ. ಅದೇ ನೆಲ್ಲೂರು ಜಿಲ್ಲೆಯಲ್ಲಿ ಮೂಳೆಯ ಈ ರೋಗವನ್ನು ವೈದ್ಯರು ಗುರುತಿಸಿ 1937ರಲ್ಲೇ ಬರೆದಿಟ್ಟಿದ್ದರು. ಅದಾದ ಮೇಲೂ ಎಷ್ಟು ದಶಕ ನಾವು ಪಾಪದ ಲೆಕ್ಕ ಹೇಳುತ್ತಾ ಅದೇ ನೀರು ಕುಡಿಸಿದೆವು!

ನನಗೆ ಕರ್ಮಸಿದ್ಧಾಂತದ ಮೇಲೆ ಸಿಟ್ಟಿಲ್ಲ. ಮಾಡಿದ್ದು ಫಲ ಕೊಡದೆ ಬಿಡದು ಎನ್ನುವ ಮಾತನ್ನು ಮೆಕ್ಯಾನಿಕ್ಕಿನಷ್ಟು ನಂಬುವವನು ಯಾರಿದ್ದಾನೆ? ಆಯಿಲ್ ಬದಲಿಸದೆ ಓಡಿಸಿದವನ ಬೇರಿಂಗು ಹೋಗಿಯೇ ಹೋಗುತ್ತದೆ. ಕೆಲವೊಮ್ಮೆ ಅವನ ಕೈಯಲ್ಲಿ ಅಲ್ಲ, ಅವನಿಂದ ಗಾಡಿ ಕೊಂಡ ಪಾಪದವನ ಕೈಯಲ್ಲಿ. ಒಬ್ಬ ಮಾಡಿದ್ದನ್ನು ಇನ್ನೊಬ್ಬ ಉಣ್ಣುತ್ತಾನೆ. ಟ್ಯಾಂಕರಣ್ಣ ಉಂಡದ್ದು ಪೇಂಟರಿನ ಬ್ರಷ್ಷು. ನನ್ನ ತಕರಾರು ಇಷ್ಟೇ: ಹಿಂದಿನ ಜನ್ಮಕ್ಕೆ ಹೋಗುವ ಮುಂಚೆ ಹಿಂದಿನ ತಿಂಗಳಿಗೆ ಹೋಗಿ ಬನ್ನಿ. ಕೆಡುವ ಮುಂಚೆ ಏನು ಮಾಡಿಸಿದಿರಿ, ಏನು ಕುಡಿದಿರಿ, ಯಾರು ಮುಟ್ಟಿದರು. ಅಲ್ಲೆಲ್ಲ ಹುಡುಕಿ ಮುಗಿದ ಮೇಲೂ ಉಳಿದದ್ದು ಇದ್ದರೆ ಅದನ್ನು ಎಲ್ಲಿ ಇಡಬೇಕೋ ಇಡಿ. ಬಿಸಿಲು ನಮ್ಮ ಶಾಪ ಎನ್ನುತ್ತಿದ್ದ ಇದೇ ತಾಲ್ಲೂಕಿನ ತಿರುಮಣಿ, ವಳ್ಳೂರಿನ ಸುತ್ತ ಸುಮಾರು 13,000 ಎಕರೆಯಲ್ಲಿ ಇವತ್ತು 2,050 ಮೆಗಾವಾಟಿನ ಸೋಲಾರ್ ಪಾರ್ಕ್ ನಿಂತಿದೆ, ಜಮೀನು ಕೊಟ್ಟವರಿಗೆ ವರ್ಷಕ್ಕೆ ಬಾಡಿಗೆ ಬರುತ್ತದೆ. ಅದರಿಂದ ಯಾರಿಗೆ ಎಷ್ಟು ಒಳ್ಳೆಯದಾಯಿತು ಎನ್ನುವುದು ಬೇರೆ ಚರ್ಚೆ. ಹಣೆಬರಹ ಅಂದುಕೊಂಡಿದ್ದ ಬಿಸಿಲಿಗೂ ಮೀಟರ್ ಹಾಕಿ ಓದಬಹುದು ಎಂಬುದಂತೂ ಗೊತ್ತಾಯಿತು.

ಶನಿಮಹಾತ್ಮೆಯ ಕತೆ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಹರಿಕತೆಯಲ್ಲಿ ಕೇಳಿದ್ದೇವೆ, ನಾಟಕದಲ್ಲಿ ನೋಡಿದ್ದೇವೆ. ವಿಕ್ರಮರಾಜ ಶನಿಯ ಬಗ್ಗೆ ಹಗುರವಾಗಿ ಮಾತಾಡಿ ಕಾಟಕ್ಕೆ ಸಿಕ್ಕುತ್ತಾನೆ. ಪರದೇಶದಲ್ಲಿ ವರ್ತಕನ ಮನೆಯಲ್ಲಿದ್ದಾಗ ಗೋಡೆಯ ಚಿತ್ರದ ಹಂಸ ಮುತ್ತಿನ ಹಾರ ನುಂಗುತ್ತದೆ, ಕಳ್ಳತನ ಇವನ ಮೇಲೆ ಬರುತ್ತದೆ. ಆ ಊರಿನ ರಾಜ ಇವನ ಕೈಕಾಲು ಕಡಿಸುತ್ತಾನೆ. ಕೊನೆಗೆ ಗಾಣದ ಮೇಲೆ ಕೂತು ಎತ್ತು ಹೊಡೆಯುವ ಗತಿ. ಚಿಕ್ಕವನಿದ್ದಾಗ ಈ ಕತೆ ಕೇಳಿ ಶನಿಗೆ ಹೆದರಿದ್ದೆ. ಈಗ ಕೇಳಿದರೆ ಆ ರಾಜನ ಮೇಲೆ ಸಿಟ್ಟು ಬರುತ್ತದೆ. ಹಾರ ಕಾಣೆಯಾಗಿದೆ, ಕೋಣೆಯಲ್ಲಿ ಇವನೊಬ್ಬನೇ ಇದ್ದ, ಆದ್ದರಿಂದ ಇವನೇ ಕಳ್ಳ! ಎರಡು ಸಂಗತಿ ಜೊತೆಗೆ ಕಂಡವು, ಮೂರನೆಯದನ್ನು ಹುಡುಕುವ ತಾಳ್ಮೆ ಇರಲಿಲ್ಲ, ಕತ್ತಿ ಎತ್ತಿದ. ಶನಿ ಕೊಟ್ಟ ಕಷ್ಟದಲ್ಲಿ ಅರ್ಧ ಭಾಗ ಅವಸರದ ಮನುಷ್ಯರ ಕೈಯಿಂದಲೇ ಬಂದದ್ದು.

ಆ ಕತೆಯ ಕೊನೆಯಲ್ಲಿ ಶನಿ ಪ್ರಸನ್ನನಾಗಿ ವರ ಕೇಳು ಅನ್ನುತ್ತಾನೆ. ಕೈಕಾಲು, ರಾಜ್ಯ, ಏನು ಬೇಕಾದರೂ ಕೇಳಬಹುದಾಗಿದ್ದ ವಿಕ್ರಮ, ನನಗೆ ಕೊಟ್ಟಂಥ ಕಷ್ಟ ಇನ್ನು ಯಾರಿಗೂ ಕೊಡಬೇಡ ಎಂದು ಕೇಳುತ್ತಾನೆ. ಕತೆಯ ಜೀವ ಅಲ್ಲಿದೆ ಎಂದು ನನಗೆ ಈಗ ಅನಿಸುತ್ತದೆ. ಕಷ್ಟ ಯಾಕೆ ಬಂತು ಎಂಬುದಕ್ಕೆ ಅವನಿಗೆ ಉತ್ತರ ಸಿಕ್ಕಿತೋ ಇಲ್ಲವೋ, ಮುಂದಿನವನಿಗೆ ಬಾರದ ಹಾಗೆ ನೋಡಿಕೊಂಡ. ಹಾಗೆ ನೋಡಿಕೊಳ್ಳಬೇಕಾದರೆ ಕಾರಣ ಗೊತ್ತಿರಬೇಕು. ವಿಕ್ರಮನಿಗೆ ದೇವರಲ್ಲಿ ವರ ಕೇಳಿದರೆ ಸಾಕಾಯಿತು. ನಮ್ಮಂಥವರು ತೂತು ಎಲ್ಲಿದೆ ಎಂದು ಹುಡುಕಬೇಕು.

ಟ್ಯಾಂಕರಣ್ಣ ಅದನ್ನು ಮಾಡಿದರು. ತಮ್ಮ ಲಾರಿಗೆ ಬಣ್ಣ ಹೊಡೆದ ಪೇಂಟರನ್ನು ಹುಡುಕಿಕೊಂಡು ಹೋದರು. ಜಗಳಕ್ಕೆ ಹೋಗುತ್ತಾರೇನೋ ಎಂದು ನಾನೂ ಹಿಂದೆ ಹೋದೆ. ಜಗಳ ಆಡಲಿಲ್ಲ. “ಇನ್ ಮೇಲೆ ಯಾವ ಗಾಡಿಗೇ ಆಗಲಿ, ಬಣ್ಣ ಹೊಡೆಯೋಕ್ ಮುಂಚೆ ಮುಚ್ಚಳ ಬಿಚ್ಚಿಟ್ಟುಬಿಡಪ್ಪ” ಅಂದರು. ಪೇಂಟರಿಗೆ ಅರ್ಥವಾಗದೆ ನನ್ನ ಮುಖ ನೋಡಿದ. ನಾನು ವಿವರಿಸಿದೆ. ಶನಿವಾರ ಅವರು ಈಗಲೂ ಗುಡಿಗೆ ಹೋಗುತ್ತಾರೆ. ಬೇರೆಯವರ ಲಾರಿ ದಾರಿಯಲ್ಲಿ ನಿಂತಿರುವುದು ಕಂಡರೆ ಇಳಿದು ಮೊದಲು ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ ನೋಡುತ್ತಾರೆ. ಹೆಚ್ಚಿನ ಸಲ ತೊಂದರೆ ಅಲ್ಲಿರುವುದಿಲ್ಲ. ಫಿಲ್ಟರೋ ಪೈಪೋ ಇನ್ನೇನೋ ಆಗಿರುತ್ತದೆ. ಆಗ ನನಗೆ ಫೋನ್ ಮಾಡುತ್ತಾರೆ, ನಾನು ಕೇಳುವ ಮೊದಲೇ ಹೇಳುತ್ತಾರೆ: “ಹೊಗೆ ಇಲ್ಲ ಕಣಪ್ಪ, ಡೀಸೆಲ್ ಬರ್ತಿಲ್ಲ. ಪಾನಾ ತಗೊಂಡ್ ಬಾ.”